ಬ್ರಷ್ಷಮ್ಮ ಕೇಳಿದ ಗಾಜು

ನನ್ನ ವಾರಗಿತ್ತಿಗೆ ಹೆತ್ತವರು ಇಟ್ಟ ಚೆಂದದ ಹೆಸರೊಂದಿದೆ. ಆದರೆ ನಮ್ಮ ಬೀದಿಯಲ್ಲಿ ಆ ಹೆಸರು ಹಿಡಿದು ಮನೆ ಕೇಳಿ ನೋಡಿ, ಯಾರೂ ತೋರಿಸುವುದಿಲ್ಲ. ‘ಬ್ರಷ್ಷಮ್ಮನ ಮನೆ’ ಎನ್ನಿ, ನಾಲ್ಕು ಜನ ಬಾಗಿಲವರೆಗೂ ತಂದು ಬಿಟ್ಟು ಹೋಗುತ್ತಾರೆ. ಮೂರು ಹೊತ್ತೂ ತುರುಬಿಗೆ ಒಂದು ಮೆತ್ತನೆಯ ಬ್ರಷ್ಷು ಸಿಕ್ಕಿಸಿಕೊಂಡು ಓಡಾಡುವವಳನ್ನು ಜನ ಇನ್ನೇನೆಂದು ಕರೆಯಬೇಕು ಹೇಳಿ! ಹಳೆಯ ಫೋಟೋಗಳ ಮೇಲಿನ ಧೂಳು ಸವರುವುದಕ್ಕೆ ಆ ಬ್ರಷ್ಷು. ಒಮ್ಮೆ ಮರೆತು ಅದರ ಸಮೇತ ಮಲಗಿ, ಬೆಳಿಗ್ಗೆ ಕತ್ತು ಹಿಡಿದುಕೊಂಡು ಎದ್ದವಳು ಅವಳು.

ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಬಟ್ಟೆಯ ಪೆಟ್ಟಿಗೆಗಿಂತ ಮೊದಲು ಇಳಿಸಿದ್ದು ಒಂದು ಸ್ಕ್ಯಾನರು. ಮುಂಚೆ ಕೆಲಸಕ್ಕಿದ್ದ ಜೆರಾಕ್ಸ್ ಅಂಗಡಿ ಮುಚ್ಚುವಾಗ ಮಾಲೀಕರು “ಹೊತ್ಕೊಂಡು ಹೋಗೋದಾದ್ರೆ ನಿನಗೇ ಇರಲಿ” ಎಂದಿದ್ದರಂತೆ. ಇವಳು ಹೊತ್ತುಕೊಂಡೇ ಬಂದಳು. ದಪ್ಪಗೆ, ಕಪ್ಪಗೆ, ಮೇಜಿನ ಅರ್ಧ ಆಕ್ರಮಿಸುವ ಆ ಯಂತ್ರಕ್ಕೆ ನಾನು ‘ಎಮ್ಮೆ’ ಎಂದು ಹೆಸರಿಟ್ಟೆ. ಅವಳಿಗೆ ಬೇಜಾರಾಗಲಿಲ್ಲ, ಅವಳೂ ಹಾಗೇ ಕರೆಯತೊಡಗಿದಳು. “ಈಗಿನ ತೆಳ್ಳನೆಯವು ಇವೆಯಲ್ಲ ಅಕ್ಕ, ಅವಕ್ಕೆ ಮೈಗೆ ಮೈ ತಾಗಿದ್ದು ಮಾತ್ರ ಕಾಣತ್ತೆ. ಕಾಗದ ಕೂದಲೆಳೆಯಷ್ಟು ಮೇಲೆದ್ರೂ ಮಸುಕು. ನನ್ನ ಎಮ್ಮೆಗೆ ಆಳ ಕಾಣತ್ತೆ” ಎಂದು ಅದರ ಬೆನ್ನು ಸವರುತ್ತಿದ್ದಳು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ.

ನಾವು ಕೆಳಗಿನ ಮನೆ, ಅವರು ಮೇಲಿನ ಕೋಣೆ. ಮೆಟ್ಟಿಲ ಮೇಲೆ ಯಾವಾಗಲೂ ಯಾರಾದರೊಬ್ಬರು ಆಲ್ಬಂ ಎದೆಗವಚಿಕೊಂಡು ಹತ್ತುತ್ತಿರುತ್ತಾರೆ. ಗೆದ್ದಲು ತಿಂದದ್ದು, ಒಂದಕ್ಕೊಂದು ಅಂಟಿದ್ದು, ಮಗು ಪೆನ್ನಿನಲ್ಲಿ ಮೀಸೆ ಬರೆದದ್ದು, ಎಲ್ಲವನ್ನೂ ಅವಳು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗೀರು ಕಲೆ ತೆಗೆದು, ಪುಟ್ಟ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾಳೆ. ಒಂದೇ ಒಂದು ಹಠ: ಫೋಟೋದಲ್ಲಿ ಇಲ್ಲದ್ದನ್ನು ಸೇರಿಸುವುದಿಲ್ಲ. ಒಮ್ಮೆ ಒಬ್ಬಾತ ಬಂದು, ಮಗಳ ಮದುವೆಯ ಗುಂಪಿನಲ್ಲಿ ತನ್ನ ತಮ್ಮನನ್ನೂ ನಿಲ್ಲಿಸಿಕೊಡಿ, ಅವತ್ತು ಜಗಳ ಮಾಡಿಕೊಂಡು ಬಂದಿರಲಿಲ್ಲ ಎಂದ. “ಬಂದಿರ್ಲಿಲ್ಲ ಅಂದ್ರೆ ಬಂದಿರ್ಲಿಲ್ಲ. ಈಗ ರಾಜಿ ಆಗಿದ್ರೆ ಇಬ್ರೂ ನಿಂತು ಹೊಸ ಫೋಟೋ ತೆಗೆಸ್ಕೊಳ್ಳಿ” ಎಂದು ಕಳಿಸಿಬಿಟ್ಟಳು. ಬಂದ ಗಿರಾಕಿಯನ್ನು ಹೀಗೆ ಬುದ್ಧಿ ಹೇಳಿ ಕಳಿಸುವವಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ವರ್ಷ ನಮ್ಮ ಅಡುಗೆಮನೆಗೆ ಬಣ್ಣ ಬಳಿಸುವ ಕೆಲಸ ಹಿಡಿದೆವು. ಬಣ್ಣದ ವಾಸನೆಗೆ ಅತ್ತೆಗೆ ಕೆಮ್ಮು ಬರುತ್ತದೆಂದು ಅವರನ್ನು ಅವರ ಅಣ್ಣನ ಮನೆಗೆ ಕಳಿಸಿದೆವು. ಅತ್ತೆಯ ಈ ಅಣ್ಣ ಬಡಗಿ, ನಮಗೆಲ್ಲ ‘ಬಡಗಿಮಾವ’. ಅತ್ತೆ ಅತ್ತ ಹೋಗಿದ್ದೇ ತಡ, ನಾನು ಪೇಂಟರಿಗೆ ನನ್ನ ಬಹುಕಾಲದ ಸೇಡೊಂದನ್ನು ಒಪ್ಪಿಸಿದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಔಷಧಿ ಗೂಡಿದೆ, ಬಡಗಿಮಾವ ಮಾಡಿಕೊಟ್ಟದ್ದು. ಪುಸ್ತಕದಗಲದ ಎರಡು ಗಾಜು, ಒಂದರ ಹಿಂದೊಂದು ಸರಿಯುವಂಥವು. ಬಲಗಡೆಯದರ ಮೇಲೆ ಎಂಥದೋ ಬಿಳಿ ಕಾಗದದ ತುಣುಕು ಅಂಟಿಕೊಂಡಿತ್ತು. ಅದರ ಮೇಲೆ ಅತ್ತೆ ಹಾಲಿನವನ ಫೋನ್ ನಂಬರಿನ ಚೀಟಿ ಬೇರೆ ಮೆತ್ತಿದ್ದರು. ಹಾಗಾಗಿ ಎಡಗಡೆಯ ಗಾಜು ಆ ಚೀಟಿಯವರೆಗೆ ಬಂದು ಗಕ್ಕನೆ ನಿಲ್ಲುತ್ತಿತ್ತು. ತಲೆನೋವಿನ ಮಾತ್ರೆ ಬೇಕೆಂದರೆ ಅರ್ಧ ಕೈ ತೂರಿಸಿ ತಡಕಾಡಬೇಕು, ತಡಕಾಡಿ ತಡಕಾಡಿ ತಲೆನೋವು ಇನ್ನಷ್ಟಾಗಬೇಕು. ಕೆರೆಯಲು ಹೋದಾಗಲೆಲ್ಲ ಅತ್ತೆ “ಹಾಲಿನವನ ನಂಬರಿದೆ, ಮುಟ್ಬೇಡ” ಎನ್ನುತ್ತಿದ್ದರು. ಆ ಹಾಲಿನವನು ಹಸು ಮಾರಿ, ಊರು ಬಿಟ್ಟು, ಮೊಮ್ಮಕ್ಕಳನ್ನೂ ಕಂಡಾಗಿತ್ತು. “ಆ ಗಾಜು ಬ್ಲೇಡಲ್ಲಿ ಕೆರೆದು ಥಳಥಳ ಅನ್ನೋ ಹಾಗೆ ಮಾಡಪ್ಪ” ಎಂದೆ ಪೇಂಟರಿಗೆ. ಆತ ಶಿಸ್ತಿನ ಮನುಷ್ಯ. “ಸಂಜೆಯೊಳಗೆ ಮುಖ ನೋಡ್ಕೊಳ್ಬಹುದು ಅದರಲ್ಲಿ” ಎಂದ.

ಆ ಹೊತ್ತಿಗೇ ಬ್ರಷ್ಷಮ್ಮ ಮೆಟ್ಟಿಲಿಳಿದು ಬಂದಳು. “ಅಕ್ಕ, ಅತ್ತೆ ಇಲ್ಲ. ಅಟ್ಟದ ಟ್ರಂಕು ತೆಗೀಲಾ?”

ಊರವರ ಫೋಟೋಗಳೆಲ್ಲ ಆದರೂ ಮನೆಯ ಟ್ರಂಕನ್ನು ಅವಳು ಮುಟ್ಟಿರಲಿಲ್ಲ. ಮುಟ್ಟಿದರೆ ಅತ್ತೆ ಅಳುತ್ತಿದ್ದರು. ಅದರ ತಳದಲ್ಲಿ ನಮ್ಮ ಮಾವನವರ ಫೋಟೋ ಇತ್ತು, ಅವರದೆಂದು ಇದ್ದದ್ದು ಅದೊಂದೇ. ಬಸ್ ಕಂಡಕ್ಟರ್ ಕೆಲಸ ಸಿಕ್ಕ ಖುಷಿಗೆ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡದ್ದಂತೆ. ಅವರು ಜ್ವರದಲ್ಲಿ ತೀರಿಕೊಂಡಾಗ ನನ್ನ ಗಂಡ ಇನ್ನೂ ಸರಿಯಾಗಿ ಮಾತು ಕಲಿಯದ ಕೂಸು, ಮೈದುನ ಅತ್ತೆಯ ಹೊಟ್ಟೆಯಲ್ಲಿದ್ದ. ಆಮೇಲೊಂದು ಮಳೆಗಾಲ ಗೋಡೆ ಸೋರಿ ಫೋಟೋ ಒದ್ದೆಯಾಯಿತು. ಒಣಗಿಸೋಣವೆಂದು ಅತ್ತೆ ಚೌಕಟ್ಟಿನಿಂದ ಎಳೆದರು, ಮುಖ ಹೋಯಿತು. ಶರ್ಟಿದೆ, ಗುಂಡಿಗಳಿವೆ, ಕೈಯಲ್ಲಿ ಟಿಕೆಟಿನ ಕಟ್ಟಿದೆ. ಕತ್ತಿನ ಮೇಲೆ ಬರೀ ಬಿಳಿ.

ಇದರ ನೋವೆಲ್ಲ ಮೈದುನನ ಪಾಲಿಗೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಎತ್ತಿದರೆ ಟೈರು ಎತ್ತುವ ಆಳು, ಆದರೆ ಅಪ್ಪನ ಮುಖ ಎಂದರೆ ಕರಗಿ ನೀರಾಗುತ್ತಾನೆ. ಚಿಕ್ಕಂದಿನಿಂದ ನೆಂಟರೆಲ್ಲ ನನ್ನ ಗಂಡನನ್ನು ನೋಡಿ “ಥೇಟ್ ಅಪ್ಪನೇ” ಎನ್ನುವುದು, ಇವನ ಕಡೆ ತಿರುಗಿ “ಇವನನ್ನ ಆಸ್ಪತ್ರೇಲಿ ಅದಲುಬದಲು ಮಾಡ್ಕೊಂಡು ಬಂದ್ರೇನೋ” ಎಂದು ನಗುವುದು. ಇವನೂ ನಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೆಂಡತಿಯ ಹತ್ತಿರ, “ನಾನು ಯಾರ ಥರ ಇದ್ದೀನಿ ಅಂತ ಒಂದ್ಸಲ ನೋಡ್ಬೇಕು ಕಣೇ, ಅಷ್ಟೇ” ಎಂದಿದ್ದನಂತೆ. ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಟ್ರಂಕು ಇಳಿಸಿದೆವು. ಬಿಳಿ ಕೈಗವಸು ಹಾಕಿಕೊಂಡು ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಹಿಡಿದವಳು ಇಳಿಸಲೇ ಇಲ್ಲ. ಒಲೆಯ ಮೇಲೆ ನನ್ನ ಹಾಲು ಉಕ್ಕುತ್ತಿತ್ತು.

“ಅಕ್ಕ, ಮುಖ ಕೊಳೆತು ಹೋಯ್ತು ಅಂತ ಅಲ್ವಾ ಎಲ್ರೂ ಹೇಳೋದು?”

“ಹೌದು, ನೀರು ತಿಂದುಬಿಡ್ತು. ಅದನ್ನೇನು ಹೊಸದಾಗಿ ನೋಡ್ತೀಯ?”

“ಕೊಳೆತಿದ್ರೆ ಅಂಚು ಕಪ್ಪಾಗಿ, ಹಿಟ್ಟು ಹಿಟ್ಟಾಗಿರ್ಬೇಕಿತ್ತು. ಇಲ್ನೋಡಿ, ಕಾಗದದ ಮೇಲ್ಪದರ ಮಾತ್ರ ಸಿಪ್ಪೆ ಸುಲಿದ ಹಾಗೆ ಎದ್ದು ಬಂದಿದೆ. ಮುಖ ಹೋಗಿಲ್ಲ ಅಕ್ಕ, ಇನ್ನೆಲ್ಲೋ ಅಂಟ್ಕೊಂಡಿದೆ.” ಅವಳ ದನಿ ಒಮ್ಮೆಗೇ ಮೇಲೇರಿತು. “ಗಾಜೆಲ್ಲಿ? ಈ ಫೋಟೋದ ಗಾಜೆಲ್ಲಿ ಅಕ್ಕ?”

ಅಯ್ಯೋ ದೇವರೇ! ಎಷ್ಟು ವರ್ಷ ಈ ಫೋಟೋಕ್ಕಾಗಿ ಕಣ್ಣೀರು ಹಾಕಿದ್ದೇವೆ, ಲೊಚಗುಟ್ಟಿದ್ದೇವೆ. ಗಾಜೆಲ್ಲಿ ಎಂದು ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಹಾಲು ಪೂರ್ತಿ ಉಕ್ಕಿಹೋಯಿತು, ಹೋಗಲಿ ಎಂದು ಒಲೆ ಆರಿಸಿ, ಅವಳ ಸ್ಕೂಟರಿನ ಹಿಂದೆ ಹತ್ತಿ ಕೂತೆ. ಆ ಚೌಕಟ್ಟನ್ನು ಕಟ್ಟಿದ್ದೂ, ಫೋಟೋ ಹಾಳಾದ ಮೇಲೆ ಅದನ್ನು ಒಯ್ದದ್ದೂ ಬಡಗಿಮಾವ ಎಂಬುದಷ್ಟೇ ನನಗೆ ಗೊತ್ತಿತ್ತು.

ಬಡಗಿಮಾವ ಮನೆಯ ಮುಂದಿನ ಜಗುಲಿಯಲ್ಲಿ ಕೂತು ಒಂದು ಸ್ಟೂಲಿನ ಕಾಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ವಯಸ್ಸಾಯಿತು, ಕೈ ಸುಮ್ಮನಿರುವುದಿಲ್ಲ. ಕಿವಿ ಮಾತ್ರ ಮಂದ. ಮಕ್ಕಳು ಕೊಡಿಸಿದ ಕಿವಿಯ ಮಿಷನ್ನು ಯಾವಾಗಲೂ ಅವರ ಜೇಬಿನಲ್ಲೇ ಕೂತಿರುತ್ತದೆ. ಪಕ್ಕದಲ್ಲಿ ಅತ್ತೆ ಕಾಫಿ ಆರಿಸಿಕೊಳ್ಳುತ್ತ ಕೂತಿದ್ದರು. ಹೇಗೆ ಶುರುಮಾಡುವುದೆಂದು ನಾನು ಅತ್ತಿತ್ತ ನೋಡುತ್ತಿದ್ದರೆ, ಬ್ರಷ್ಷಮ್ಮ ಚಪ್ಪಲಿಯನ್ನೂ ಬಿಡದೆ ನೇರವಾಗಿ ಕೇಳಿಯೇಬಿಟ್ಟಳು. “ಬಡಗಿಮಾವ, ನಮ್ಮ ಮಾವನವರ ಫೋಟೋದ ಗಾಜು ಏನಾಯ್ತು?”

ಉಜ್ಜುಗೊರಡು ನಿಂತಿತು. ಅತ್ತೆ ಲೋಟ ಕೆಳಗಿಟ್ಟರು. ಬಡಗಿಮಾವ ಜೇಬಿನಿಂದ ಮಿಷನ್ನು ತೆಗೆದು, ಕಿವಿಗೆ ಸರಿಯಾಗಿ ಕೂರಿಸಿಕೊಂಡು, “ಇನ್ನೊಂದ್ಸಲ ಹೇಳು” ಎಂದರು. ಅವಳು ಹೇಳಿದಳು.

“ಗಾಜು ನಿಮ್ಮನೇಲೇ ಇದೆಯಲ್ಲ” ಎಂದರು ಆತ ತಣ್ಣಗೆ. “ಔಷಧಿ ಗೂಡಿಂದು. ಬಲಗಡೇದು.”

“ಇವಳು ಎಳೆದಾಗ ಮುಖ ಗಾಜಿಗೇ ಅಂಟ್ಕೊಂಡುಬಿಡ್ತು” ಎಂದು ಆತ ತಂಗಿಯ ಕಡೆ ನೋಡದೆ ಹೇಳಿದರು. “ಹಿಂದಿನಿಂದ ನೋಡಿದ್ರೆ ಬರೀ ಬಿಳೀ ಕಾಗದ. ಇವಳು ಅಷ್ಟೇ ನೋಡಿ ಅಳ್ತಾ ಕೂತ್ಲು. ನಾನು ಮನೆಗೆ ತಗೊಂಡು ಹೋಗಿ ತಿರುಗಿಸಿದ್ರೆ ಭಾವ ನನ್ನನ್ನೇ ನೋಡ್ತಾ ಇದ್ದಾನೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಇವಳಿಗೆ ತೋರಿಸೋಕೆ ಧೈರ್ಯ ಬರ್ಲಿಲ್ಲ, ಆ ಸ್ಥಿತೀಲಿದ್ಲು. ಅವನ ಮನೇಲೇ ಇರ್ಲಿ ಅಂತ ಗೂಡು ಮಾಡಿ, ಮುಖ ಒಳಗಡೆ ಬರೋ ಹಾಗೆ ಕೂರಿಸಿದೆ.”

“ಅಲ್ಲ ಮಾವ, ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ!” ನನ್ನ ಪಿತ್ತ ನೆತ್ತಿಗೇರಿತ್ತು.

“ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ.”

ಅತ್ತೆ ಅಣ್ಣನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತರು. ನನಗೆ ಅವರನ್ನು ನೋಡುತ್ತ ನಿಲ್ಲುವ ಪುರುಸೊತ್ತಿರಲಿಲ್ಲ. ಪೇಂಟರು! ಬ್ಲೇಡು! ಸಂಜೆಯೊಳಗೆ ಥಳಥಳ ಎಂದಿದ್ದ ಆ ಶಿಸ್ತಿನ ಮನುಷ್ಯ! “ಅಯ್ಯೋ, ಕೆರೆಯೋಕೆ ಹೇಳಿ ಬಂದಿದ್ದೀನಿ ಕಣೇ!” ಎಂದು ಕಿರುಚಿದೆ. ಬ್ರಷ್ಷಮ್ಮ ಸ್ಕೂಟರಿನ ಕಡೆ ಓಡಿದಳು.

ಮನೆಗೆ ಫೋನ್ ಮಾಡಿದರೆ ನನ್ನ ಗಂಡ ಎತ್ತಲಿಲ್ಲ. ಟೆರೇಸಿನಲ್ಲಿ ಪೇಪರು ಓದುತ್ತ ಕೂತರೆ ಅವರಿಗೆ ಮನೆಗೆ ಬೆಂಕಿ ಬಿದ್ದರೂ ಕೇಳುವುದಿಲ್ಲ. ಕೊನೆಗೆ ಮೈದುನನಿಗೆ ಹಚ್ಚಿದೆ, ಡಿಪೋ ಮನೆಗೆ ಹತ್ತಿರ.

“ಏಯ್, ಮನೆಗೆ ಓಡು! ಔಷಧಿ ಗೂಡಲ್ಲಿ ನಿಮ್ಮಪ್ಪ ಇದ್ದಾರೆ!”

“ಅತ್ತಿಗೆ, ಬಿಸಿಲಲ್ಲಿ ಜಾಸ್ತಿ ಓಡಾಡ್ಬೇಡಿ ಅಂತ ಅವತ್ತೇ ಹೇಳ್ದೆ...”

“ನನ್ನ ತಲೆ ನೆಟ್ಟಗಿದೆ ಕಣೋ! ಅಪ್ಪನ ಮುಖ ಆ ಗಾಜಿಗೆ ಅಂಟ್ಕೊಂಡಿದೆ, ಪೇಂಟರ್ ಕೆರೀತಿದ್ದಾನೆ, ಹೋಗಿ ಕೈ ಹಿಡ್ಕೊ!”

ಫೋನು ಕಟ್ಟಾಯಿತು. ಆಮೇಲೆ ನಾವು ಸ್ಕೂಟರಿನಲ್ಲಿ ಬಂದ ರೀತಿಯನ್ನು ಹೇಳುವುದು ಬೇಡ. ತರಕಾರಿ ಗಾಡಿಯೊಂದನ್ನು ಸವರಿಕೊಂಡೇ ಬಂದೆವು, ಆತ ಬೈದದ್ದು ಬೀದಿಯ ತುದಿಯವರೆಗೂ ಕೇಳಿಸಿತು. ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಬ್ರಷ್ಷಮ್ಮನ ತುರುಬಿನ ಬ್ರಷ್ಷು ದಾರಿಯುದ್ದಕ್ಕೂ ನನ್ನ ಮೂಗಿಗೆ ಚುಚ್ಚುತ್ತಿತ್ತು, ಕಿತ್ತು ಬಿಸಾಡುವಷ್ಟು ಕೋಪ ಬಂದರೂ ಸುಮ್ಮನಿದ್ದೆ.

ಒಳಗೆ ನುಗ್ಗಿದರೆ ಅಡುಗೆಮನೆಯ ನಡುವೆ ಪೇಂಟರು ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದಾನೆ. ಮೈದುನ ಎಣ್ಣೆ ಮೆತ್ತಿದ ಕೈಯಲ್ಲಿ ಅವನ ಮಣಿಕಟ್ಟನ್ನು ಹಿಡಿದುಬಿಟ್ಟಿದ್ದಾನೆ. ಬ್ಲೇಡು ನೆಲದಲ್ಲಿತ್ತು. ಗಾಜು ಮೇಜಿನ ಮೇಲಿತ್ತು. ಹಾಲಿನವನ ಚೀಟಿ ಪೂರ್ತಿ ಹೋಗಿತ್ತು, ಕೆಳಗಿನ ಬಿಳಿ ಕಾಗದ ಒಂದು ಮೂಲೆ ಬಿಟ್ಟರೆ ಹಾಗೇ ಇತ್ತು.

“ಹೇಳಿದ್ದನ್ನೇ ಮಾಡ್ತಿದ್ದೆ ಅಮ್ಮಾ, ಇವರು ಬಂದು ಕಳ್ಳನ್ನ ಹಿಡಿದ ಹಾಗೆ ಹಿಡಿದುಬಿಟ್ರು” ಎಂದ ಪೇಂಟರು, ಪಾಪ.

“ನೀನೇ ತಿರುಗಿಸು” ಎಂದಳು ಬ್ರಷ್ಷಮ್ಮ ಗಂಡನಿಗೆ. ತನ್ನ ಕೈಗವಸುಗಳನ್ನು ಅವನಿಗೆ ಕೊಟ್ಟಳು. ಅವನ ದಪ್ಪ ಬೆರಳು ಅದರೊಳಗೆ ಹೋಗಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು, ಗಾಜನ್ನು ಮೆಲ್ಲಗೆ ತಿರುಗಿಸಿದ. ಒಳಬದಿಗೆ ವರ್ಷಗಳ ಧೂಳು. ಅವಳು ಬ್ರಷ್ಷು ಕಿತ್ತು ಒಂದು ಸಲ ಸವರಿದಳು, ಇನ್ನೊಂದು ಸಲ ಸವರಿದಳು.

ಕಣ್ಣು ಬಂತು. ಮೂಗು ಬಂತು. ಮೇಲ್ತುಟಿಯ ಮೇಲೆ ಆಗತಾನೇ ಬಂದ ತೆಳು ಮೀಸೆ. ನಗುವನ್ನು ತಡೆದುಕೊಂಡ ಬಾಯಿ, ಸ್ಟುಡಿಯೋದವನು ನಗಬೇಡ ಎಂದಿರಬೇಕು. ಅಬ್ಬಾ! ಇಷ್ಟು ಕಾಲ ನಮ್ಮ ಕೆಮ್ಮಿನ ಔಷಧಿ, ಮುಲಾಮಿನ ಡಬ್ಬಿ ಕಾದುಕೊಂಡು ಕತ್ತಲಲ್ಲಿ ನಿಂತಿದ್ದ ಮನುಷ್ಯ! ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸದ್ದು ಕೇಳಿ ಕೊನೆಗೂ ಟೆರೇಸಿನಿಂದ ಇಳಿದು ಬಂದ ನನ್ನ ಗಂಡ ಗಾಜನ್ನು ನೋಡಿ, “ಇದ್ಯಾವಾಗ ತೆಗೆದಿದ್ದು ನನ್ನ ಫೋಟೋ?” ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ನಿಜವಾಗಿಯೂ ಅವರೇ. ಕಣ್ಣು, ಮೂಗು, ಗದ್ದ, ಅಚ್ಚೊತ್ತಿದಂತೆ ದೊಡ್ಡ ಮಗ. ಮೈದುನ ಗಾಜನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಮುಖದಲ್ಲಿ ತನ್ನದೇನಾದರೂ ಇದೆಯೇ ಎಂದು ಹುಡುಕುತ್ತಿದ್ದಾನೆಂದು ನನಗೆ ಗೊತ್ತಾಯಿತು. ಕೊನೆಗೆ ಗಾಜನ್ನು ಹೆಂಡತಿಯ ಕೈಗೆ ಕೊಟ್ಟು, “ನೋಡಿದ್ನಲ್ಲ, ಸಾಕು” ಎಂದು ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು.

ಬ್ರಷ್ಷಮ್ಮ ಗಾಜನ್ನು ಮೇಲಕ್ಕೆ ಒಯ್ದು ಎಮ್ಮೆಯ ಮೇಲೆ ಮಲಗಿಸಿದಳು. ಇವತ್ತಿನ ತೆಳ್ಳನೆಯ ಸ್ಕ್ಯಾನರಾಗಿದ್ದರೆ ಗಾಜಿನ ದಪ್ಪಕ್ಕೇ ಮುಖ ಮಸುಕಾಗುತ್ತಿತ್ತು. ಎಮ್ಮೆ ಗರ್‍ರ್ ಎಂದು ನಿಧಾನಕ್ಕೆ ಒಂದು ಸುತ್ತು ಮೇಯ್ದು ಬಂದಿತು, ಪರದೆಯ ಮೇಲೆ ರೆಪ್ಪೆಯ ಕೂದಲೂ ಬಿಡಿಬಿಡಿಯಾಗಿ ಕಂಡವು. ಆಮೇಲೆ ಫೋಟೋವನ್ನು ಸ್ಕ್ಯಾನ್ ಮಾಡಿ, ಮುಖವನ್ನು ಮೌಸಿನಲ್ಲಿ ಎಳೆದು ಆ ಬಿಳಿ ತೂತಿನ ಮೇಲೆ ತಂದಳು. ಹರಿದ ಅಂಚಿಗೆ ಹರಿದ ಅಂಚು ಹೊಂದಿಕೊಂಡು ಟಕ್ಕೆಂದು ಕೂತುಬಿಟ್ಟಿತು! ಕತ್ತಿನ ಗೆರೆ ಕೂಡ ಮುಂದುವರಿಯಿತು. ನಾನು ಅವಳ ಬೆನ್ನಿಗೆ ಗುದ್ದಿದೆ. “ಎಮ್ಮೆ ಅಂತ ಅಂದಿದ್ದೆಲ್ಲ ವಾಪಸ್ ತಗೊಂಡೆ ಕಣೇ!” ಎಂದೆ. ಅವಳು ಕುರ್ಚಿಯಲ್ಲೇ ಕುಣಿಯುತ್ತಿದ್ದಳು.

ಒಂದೇ ಕೊರತೆ. ಬ್ಲೇಡು ಕೆರೆದ ಮೂಲೆಯಲ್ಲಿ ಇದ್ದದ್ದು ಮಾವನವರ ಕಿವಿ. ಮುಖ ಒಂದಿಷ್ಟು ಪಕ್ಕಕ್ಕೆ ತಿರುಗಿದ್ದರಿಂದ ಫೋಟೋದಲ್ಲಿ ಕಾಣಬೇಕಾದದ್ದೇ ಒಂದು ಕಿವಿ, ಅದೇ ಹೋಗಿತ್ತು.

“ಇದ್ದಷ್ಟನ್ನೇ ಪ್ರಿಂಟ್ ಮಾಡ್ತೀನಿ” ಎಂದಳು. “ಇಲ್ಲದ್ದನ್ನ ಸೇರಿಸಲ್ಲ.”

“ಸೇರಿಸ್ಬೇಡ, ನಿನ್ನ ಹತ್ರ ಇರೋ ಪ್ರತೀನ ಹಾಗೇ ಇಟ್ಕೊ. ಆದ್ರೆ ಇಷ್ಟು ವರ್ಷ ಆದ್ಮೇಲೆ ಗಂಡನ್ನ ನೋಡೋ ಅತ್ತೆಗೆ ಕಿವಿ ಇಲ್ಲದ ಗಂಡನ್ನ ತೋರಿಸ್ತೀಯ? ಮೊದಲು ಕಣ್ಣು ಹೋಗೋದೇ ಆ ತೂತಿಗೆ!”

ಅವಳು ಮುಖ ಊದಿಸಿಕೊಂಡು ಕೂತಳು. ಕೊನೆಗೆ, “ಅತ್ತೆಗೆ ಒಂದೇ ಒಂದು ಪ್ರತಿ, ಅಷ್ಟೇ” ಎಂದಳು. ಮುಖ ದೊಡ್ಡ ಮಗನದಾದ್ದರಿಂದ ಮೊದಲು ನನ್ನ ಗಂಡನನ್ನು ಕಿಟಕಿಯ ಪಕ್ಕ ಕೂರಿಸಿ ಕಿವಿಯ ಫೋಟೋ ತೆಗೆದಳು. ಅದನ್ನು ತಂದು ಇಟ್ಟರೆ ಹೇಗೆ ಇಟ್ಟರೂ ಹೊಂದಲಿಲ್ಲ. ತೂತಿನ ಅಂಚಿನಲ್ಲಿ ಹಳೆಯ ಕಿವಿಯ ಚೂರು ಗೆರೆ ಉಳಿದಿತ್ತು, ಅದು ಒಂದು ಕಡೆ, ಇದು ಇನ್ನೊಂದು ಕಡೆ. “ನಿಮ್ಮ ಕಿವೀನ ಜಗ್ಗಿ ಜಗ್ಗಿ ನಾನೇ ಹಾಳು ಮಾಡಿದ್ದೀನಿ ಬಿಡಿ” ಎಂದೆ. ಬ್ರಷ್ಷಮ್ಮ ಬೇಸತ್ತು ಪಕ್ಕದಲ್ಲಿದ್ದ ತನ್ನ ಗಂಡನನ್ನು ಎಳೆದು ಕೂರಿಸಿದಳು. “ನನ್ನದ್ಯಾಕೆ, ನಂದು ಅಪ್ಪನ ಥರ ಇಲ್ವಲ್ಲ” ಎಂದು ಅವನು ಗೊಣಗಿದ. ಅವನ ಕಿವಿಯನ್ನು ತಂದು ಇಟ್ಟಳು. ಹಳೆಯ ಗೆರೆಗೆ ಹೊಸ ಗೆರೆ ಕೂಡಿತು. ಅವಳು ಮೌಸಿನಿಂದ ಕೈ ತೆಗೆದುಬಿಟ್ಟಳು. ನನ್ನ ಮುಖ ನೋಡಿದಳು. ನನ್ನ ಬಾಯಿ ಸುಮ್ಮನಿದ್ದದ್ದು ಜೀವಮಾನದಲ್ಲಿ ಅದೊಂದೇ ಸಲವೇನೋ.

ಬಣ್ಣದ ವಾಸನೆ ಹೋದ ಮೇಲೆ ಬಡಗಿಮಾವನೇ ಅತ್ತೆಯನ್ನು ಕರೆದುಕೊಂಡು ಬಂದರು. ಆ ದಿನ ಮಿಷನ್ನು ಅವರ ಕಿವಿಯಲ್ಲೇ ಇತ್ತು. ಅವರೇ ಹೊಸದಾಗಿ ಮಾಡಿದ ಚೌಕಟ್ಟಿನಲ್ಲಿ ಫೋಟೋ ಹಾಕಿ ಕಿಟಕಿಯ ಪಕ್ಕ ಇಟ್ಟಿದ್ದೆವು. ಅತ್ತೆ ಅಳುತ್ತಾರೆಂದು ನಾವೆಲ್ಲ ಸಾಲಾಗಿ ನಿಂತು ಕಾದೆವು. ಅವರು ಅಳಲಿಲ್ಲ. ಹತ್ತಿರ ಹೋಗಿ, ಕನ್ನಡಕ ಏರಿಸಿ, “ಎಷ್ಟು ಚಿಕ್ಕ ಹುಡುಗ ನೋಡು” ಎಂದರು. ಈಗ ಅವರ ಮೊಮ್ಮಗನ, ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಮಗನ, ವಯಸ್ಸು ಆ ಮುಖಕ್ಕೆ. ಆಮೇಲೆ ಬೆರಳು ತೆಗೆದು ನೇರವಾಗಿ ಕಿವಿಯ ಮೇಲೆ ಇಟ್ಟರು.

ಸಿಕ್ಕಿಬಿದ್ದೆವು ಎಂದುಕೊಂಡೆ.

“ಈ ಕಿವಿ!” ಎಂದು ಅತ್ತೆ ನಕ್ಕರು. “ತುದಿ ಹೀಗೇ ಮಡಚ್ಕೊಂಡಿತ್ತು ಅವರದ್ದು. ಟಿಕೆಟ್ ಕೊಡೋ ಪೆನ್ಸಿಲ್ ಇಲ್ಲೇ ಸಿಕ್ಕಿಸ್ಕೊಳ್ತಿದ್ರು.” ತಿರುಗಿ ಮೈದುನನನ್ನು ನೋಡಿದರು. “ನೀನು ಹುಟ್ಟಿದಾಗ ನಾನು ಮೊದಲು ನೋಡಿದ್ದು ನಿನ್ನ ಕಿವೀನ ಕಣೋ. ಅವರದ್ದೇ ಬಂದಿತ್ತು. ಎಲ್ಲಾದ್ರೂ ಕೊಟ್ಟು ಹೋದ್ರಲ್ಲ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ.”

“ಒಂದು ದಿನಾನೂ ಹೇಳ್ಲಿಲ್ವಲ್ಲಮ್ಮ” ಎಂದ ಅವನು.

“ನೀನು ಕೇಳ್ಲೇ ಇಲ್ವಲ್ಲೋ.”

ಬಡಗಿಮಾವ ಬೇರೆ ಕಡೆ ತಿರುಗಿದರು. ಬ್ರಷ್ಷಮ್ಮನ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲು ಸಿಕ್ಕಿದ್ದು ತುರುಬಿನ ಬ್ರಷ್ಷು. ನನ್ನ ಮೈದುನ, ಟೈರು ಎತ್ತುವ ಆ ಆಳು, ಎರಡು ಬೆರಳಲ್ಲಿ ತನ್ನ ಕಿವಿಯ ತುದಿ ಹಿಡಿದುಕೊಂಡು ಫೋಟೋದ ಮುಂದೆ ನಿಂತಿದ್ದ. ಊಟಕ್ಕೆ ಕರೆದಾಗಲೂ ಕೈ ಬಿಟ್ಟಿರಲಿಲ್ಲ.